ಇನ್ನು ಕಾಮಾಲೆ ಅನ್ನಬೇಡ

ಮಂಗಳಾ,

ನೀನು ಚೆಂಡುಹೂ ಕೊಯ್ಯೋಕೆ ಹೋದಮೇಲೆ ಫೋನ್ ಬಂತು. ಕುಡಿತ ಬಿಡಿಸೋ ಆಸ್ಪತ್ರೇಲಿ ಒಂದು ತಿಂಗಳು ಇರೋದಕ್ಕೆ ಇನ್ಶೂರೆನ್ಸ್‌ನವರು ಒಪ್ಪಿದ್ದಾರೆ. ಕುಡಿತದ ಚಟವೂ ಕಾಯಿಲೇನೇ, ಕಾನೂನು ಪ್ರಕಾರ ಒಪ್ಪಲೇಬೇಕಂತೆ! ಹೋದ ಸಲ ಮರ್ಯಾದೆಗೆ ಅಂಜಿ ಕಾಮಾಲೆ ಅಂತ ಬರೆಸಿ, ಕಾಮಾಲೆಗೆ ಈ ಆಸ್ಪತ್ರೆ ಯಾಕೆ ಅಂತ ಅವರು ಒಪ್ಪದೆ ಮೂರೇ ದಿನಕ್ಕೆ ವಾಪಸ್ ಬಂದೆ. ಈ ಸಲ ಇದ್ದದ್ದು ಇದ್ದ ಹಾಗೇ ಬರೆಸಿದೆ.

ಮೈಸೂರು ಬಸ್ಸಿಗೆ ಹೊರಟೆ. ಹಸುವಿಗೆ ನೀರಿಟ್ಟಿದ್ದೀನಿ. ಭಾನುವಾರ ಬರುವಾಗ ಕಂಬಳಿ ತಾ, ಮುಖ ಗಂಟು ಹಾಕ್ಕೊಂಡು ಬರಬೇಡ.

ನಾಳೆ ಬೆಳಿಗ್ಗೆ ಪಕ್ಕದ ಮನೆ ಚಿಕ್ಕತಾಯಮ್ಮ ಎಂದಿನಂತೆ "ಕಾಮಾಲೆ ವಾಸಿ ಆಯ್ತೇನ್ಲಾ ಸೋಮು?" ಅಂತ ನೆಲನೆಲ್ಲಿ ರಸ ತರ್ತಾಳೆ. ನಿಜ ಹೇಳಿಬಿಡು. ನಾಚಿಕೆಯಾದರೆ ಆ ಕಹಿನ ಅವಳೆದುರಿಗೇ ನೀನೇ ಕುಡಿ. ಎರಡೇ ದಿನಕ್ಕೆ ನಿಜ ತಾನಾಗೇ ಬಾಯಿಗೆ ಬರುತ್ತೆ, ನನಗೆ ಬಂದ ಹಾಗೆ.

ಸೋಮು