ಇಪ್ಪತ್ತನೆಯ ಸುತ್ತು

ಪ್ರೀತಿಯ ಮೀನುಮರಿಗೆ,

ಆಸ್ಪತ್ರೆಯಿಂದ ನೀನು ನೇರವಾಗಿ ಚಿಕ್ಕಮ್ಮನ ಮನೆಗೆ ಹೋಗಿ ಮೂರು ವಾರವಾಯಿತು. ಫೋನು ಮಾಡಿದರೆ ಎತ್ತುವುದಿಲ್ಲ. ಎತ್ತಿದರೂ ನನ್ನ ಬಾಯಿಂದ ಬರುವುದು 'ಊಟ ಆಯ್ತಾ' ಅಷ್ಟೇ. ಈಜುಕೊಳದ ಪಕ್ಕ ಮೂವತ್ತು ವರ್ಷ ಸೀಟಿ ಊದಿದವನಿಗೆ ಮೆತ್ತಗೆ ಮಾತಾಡುವ ಅಭ್ಯಾಸವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಹತ್ತು ಸುತ್ತಿನಲ್ಲಿ ನಿನ್ನನ್ನು ಹಿಡಿಯುವವರೇ ಇರಲಿಲ್ಲ. ಇಪ್ಪತ್ತಾಗುವಷ್ಟರಲ್ಲಿ ನೀನು ಅಂಚು ಹಿಡಿದು, 'ಅಪ್ಪಾ, ತೊಡೆ ಕಲ್ಲಾಗಿದೆ, ಆಗ್ತಿಲ್ಲ' ಅನ್ನುತ್ತಿದ್ದೆ. ಕೈಲಾಗದವಳಾಗಿದ್ದರೆ ಮೊದಲೇ ಸೋಲಬೇಕಿತ್ತಲ್ಲ ಎಂಬುದು ನನ್ನ ಬುದ್ಧಿವಂತಿಕೆ. 'ಯಾರಿಂದ ಬಂತೋ ಈ ಮೈಗಳ್ಳತನ' ಎಂದು ಎಲ್ಲರೆದುರು ಹಂಗಿಸಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಈಜಬೇಕೆಂಬ ನನ್ನ ನಿಯಮ ಬೇರೆ. ನೀನು ಆಸ್ಪತ್ರೆ ಸೇರಿದ ದಿನವಂತೂ ನಲವತ್ತು ಸುತ್ತು ಮುಗಿಯುವವರೆಗೆ ನಿನ್ನನ್ನು ಮೇಲೆ ಬರಲು ಬಿಡಲಿಲ್ಲ. ಮಧ್ಯಾಹ್ನ ಮೂತ್ರ ಕಾಫಿ ಬಣ್ಣದಲ್ಲಿ ಹೋಯಿತೆಂದು ನೀನು ಅಮ್ಮನಿಗೆ ಹೇಳಿದೆ, ನನಗೆ ಹೇಳಲಿಲ್ಲ.

ವೈದ್ಯೆ ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಮೈಯಲ್ಲಿ ಮೊದಲು ಉರಿಯುವುದು ಸಕ್ಕರೆಯಂತೆ. ಅದು ತೀರುತ್ತಾ ಬಂದಂತೆ ಕೊಬ್ಬು ಉರಿಯಬೇಕು. ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಒಲೆಗೆ ಆ ಕೊಬ್ಬನ್ನು ದಾಟಿಸಲು ಕೆಲವು ಕಿಣ್ವಗಳಿವೆ, ನಿನ್ನಲ್ಲಿ ಅವುಗಳಲ್ಲೊಂದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸೌದೆ ಬಾಗಿಲಾಚೆ ರಾಶಿ ಬಿದ್ದಿದ್ದರೂ ಒಲೆ ಆರುತ್ತದೆ. ಆಗಲೂ ದುಡಿಸಿದರೆ ಸ್ನಾಯುಗಳೇ ಒಡೆದು ಮೂತ್ರಪಿಂಡಕ್ಕೆ ಪೆಟ್ಟು. ಈ ದೋಷದ ಒಂದು ಪಾಲು ಅಮ್ಮನಿಂದ, ಒಂದು ಪಾಲು ನನ್ನಿಂದ ಬಂದಿದೆ ಎಂದೂ ಹೇಳಿದರು. ಯಾರಿಂದ ಬಂತೋ ಎಂದು ಕೇಳುತ್ತಿದ್ದೆನಲ್ಲ, ಉತ್ತರ ಸಿಕ್ಕಿತು.

ಮಂಚದ ಮೇಲಿಂದ ನೀನು ಕೇಳಿದ್ದು ಒಂದೇ. 'ಅಪ್ಪಾ, ಈಗ್ಲಾದ್ರೂ ನಂಬ್ತೀಯಾ?' ನಾನು ಗ್ಲೂಕೋಸ್ ಬಾಟಲಿ ನೋಡುತ್ತಾ ಸುಮ್ಮನೆ ನಿಂತೆ. ನೀನು ಮನೆಗೆ ಬರದಿರುವುದು ಅದಕ್ಕೇ ಎಂದು ನನಗೆ ಗೊತ್ತು.

ನಂಬುತ್ತೇನೆ ಮಗಳೇ. ಆ ಚಿತ್ರ ನೋಡುವುದಕ್ಕೆ ಮೊದಲೇ, ನೀನು ಅಂಚು ಹಿಡಿದ ದಿನವೇ ನಂಬಬೇಕಿತ್ತು. ತಪ್ಪಾಯಿತು.

ಗೋಡೆಯ ಮೇಲೆ ಬರೆಸಿದ್ದ ಖಾಲಿ ಹೊಟ್ಟೆಯ ನಿಯಮಕ್ಕೆ ಸುಣ್ಣ ಬಳಿದಿದ್ದೇನೆ. ಭಾನುವಾರ ಬರುತ್ತೇನೆ. ಸ್ವಲ್ಪ ದೂರ ನಿಧಾನವಾಗಿ ನಡೆಯಬಹುದು ಎಂದು ವೈದ್ಯೆ ಹೇಳಿದ್ದಾರೆ. ಸೀಟಿ, ಸ್ಟಾಪ್‌ವಾಚ್ ಎರಡನ್ನೂ ತರುವುದಿಲ್ಲ, ಚೀಲದಲ್ಲಿ ಬಾಳೆಹಣ್ಣು ಇರುತ್ತದೆ. ನೀನು ಎಲ್ಲಿ ಸಾಕು ಅನ್ನುತ್ತೀಯೋ ಅಲ್ಲೇ ನಾನೂ ನಿಲ್ಲುತ್ತೇನೆ. ಯಾಕೆಂದು ಕೇಳುವುದಿಲ್ಲ.

ಹೊಟ್ಟೆ ತುಂಬಾ ತಿಂದು ನೂರು ಕಾಲ ಬಾಳು.

ನಿನ್ನ ಅಪ್ಪ