ದಿಂಬಿನೊಳಗಿನ ಮುಲಾಮು

ಅಜ್ಜಿ,

ನಿನ್ನ ಮಾತ್ರೆ ನೀರಿನ ಲೋಟದ ಪಕ್ಕದಲ್ಲಿದೆ. ತಿಂಡಿಯಾದ ಮೇಲೆ ನುಂಗು, ಮರೆತೆ ಅನ್ನಬೇಡ.

ನನ್ನ ಹಾಸಿಗೆಯನ್ನು ಇವತ್ತು ನಾನೇ ಕೊಡವಿದ್ದೇನೆ. ಉದುರಿದ ಚರ್ಮವನ್ನು ದಿನಾ ಯಾರೂ ಏಳುವ ಮೊದಲೇ ನೀನು ಗುಡಿಸಿ, ಏನೂ ಆಗದವಳಂತೆ ಕೂರುವುದು ನನಗೆ ಗೊತ್ತಿತ್ತು. ನಾಚಿಕೆಯಿಂದ ನಿದ್ದೆ ಬಂದವಳಂತೆ ಮಲಗಿರುತ್ತಿದ್ದೆ.

ಇನ್ನೊಂದು ಮಾತು. ಇಸುಬಿಗೆ ವರ್ಷಗಟ್ಟಲೆ ಹಚ್ಚಿದ ಆ ಸ್ಟೀರಾಯ್ಡ್ ಮುಲಾಮನ್ನು ಯಾರನ್ನೂ ಕೇಳದೆ ಥಟ್ಟನೆ ಬಿಟ್ಟೆ, ಈಗ ಮುಖವೆಲ್ಲ ಬೆಂಕಿ. ಎಷ್ಟು ಬೇಡಿದರೂ ಕೊಡಬೇಡ, ಏಳು ಸಮುದ್ರದಾಚೆ ಬಚ್ಚಿಡು ಎಂದು ನಾನೇ ಅದನ್ನು ನಿನ್ನ ಕೈಗಿಟ್ಟಿದ್ದೆ. ನೀನು ನೋಡಿದರೆ ದಿಂಬಿನ ಗವಸಿನೊಳಗೆ ಇಟ್ಟುಕೊಂಡಿದ್ದೀಯ! ರಾಕ್ಷಸನ ಪ್ರಾಣವನ್ನು ಹೀಗಾ ಕಾಯೋದು? ನೀನು ಸ್ನಾನಕ್ಕೆ ಹೋದಾಗ ಕಳ್ಳಬೆಕ್ಕಿನ ಹಾಗೆ ಹುಡುಕಿ ತೆಗೆದೆ. ಮುಚ್ಚಳವನ್ನೂ ತಿರುಗಿಸಿದೆ. ಅಷ್ಟರಲ್ಲಿ ನೀನು ಬಚ್ಚಲಿನಿಂದ, "ಕೂಸೇ, ಉರಿ ಕಡಿಮೆ ಆಯ್ತೇನೇ?" ಎಂದು ಕೂಗಿದೆ. ಹಚ್ಚಲು ಕೈ ಬರಲಿಲ್ಲ.

ಟ್ಯೂಬನ್ನು ಡಾಕ್ಟರಿಗೆ ತೋರಿಸಲು ಒಯ್ಯುತ್ತಿದ್ದೇನೆ. ಈ ಸಲ ಅವರು ಹೇಳಿದಂತೆ ಕೇಳುತ್ತೇನೆ.

ನಿನ್ನೆ ಕೆನ್ನೆ ಸವರಲು ಬಂದ ನಿನ್ನ ಕೈ ತಳ್ಳಿಬಿಟ್ಟೆನಲ್ಲ, ಉರಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಸಿಪ್ಪೆ ನಿನ್ನ ಬೆರಳಿಗೆ ಅಂಟೀತು ಎಂದು.

ಸಂಜೆ ನಾನು ಬಂದ ಮೇಲೆ ಕೆನ್ನೆ ಮುಟ್ಟು.

ನಿನ್ನ ಕೂಸು