ಹಿಂಬಾಗಿಲ ಬೀಗ

ನಾವು ಹೊಲಿದ ಬಟ್ಟೆ ಕೊಳ್ಳುವ ಕಂಪನಿಯಿಂದ ತಪಾಸಣೆಗೆ ಬಂದಿದ್ದ ಪರದೇಶದ ಮೇಡಂ ಅವರಿಗೆ,

ನಮಸ್ಕಾರ. ನಾನು ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳು. ಬಾಯಿ ಬಿಡಬೇಡ ಎಂದು ಮೇಸ್ತ್ರಿ ಗದರಿಸಿದ್ದರೂ ದೇವರಿಗೆ ಹೆದರಿ ನಿಮಗೆ ನಿಜ ಹೇಳಿದೆ. ಹಿಂಬಾಗಿಲಿಗೆ ದಿನವೂ ಬೀಗ ಹಾಕುತ್ತಾರೆ, ನೀವು ಬಂದಾಗ ಮಾತ್ರ ತೆಗೆಯುತ್ತಾರೆ ಎಂದೆ. ಅರೆಬರೆ ಕನ್ನಡದಲ್ಲಿ "ನನಗೆ ಬಿಡಿ ಅಕ್ಕ" ಎಂದು ಹೇಳಿ, ಎಲ್ಲ ಬರೆದುಕೊಂಡು ಹೋದಿರಿ. ಬೆಂಕಿ ಬಿದ್ದ ದಿನ ನನ್ನ ತಂಗಿ ಆ ಬಾಗಿಲ ಹತ್ತಿರವೇ ಸತ್ತಳು.

ಬಾಗಿಲು ಸದಾ ತೆರೆದಿರುತ್ತದೆ ಎಂದು ನಿಮ್ಮ ವರದಿಯಲ್ಲಿದೆಯಂತೆ. ನಮಗೇನೂ ಗೊತ್ತಿರಲಿಲ್ಲ ಎನ್ನುತ್ತದೆ ನಿಮ್ಮ ಕಂಪನಿ. ಆ ಕಂಪನಿಯವರು ಬೇರೆ ದೇಶದವರು, ನಮ್ಮ ಕೋರ್ಟಿನ ಕೈಗೆ ಸಿಗುವುದಿಲ್ಲ ಎನ್ನುತ್ತಾರೆ ಇಲ್ಲಿನ ನ್ಯಾಯಾಧೀಶರು. ನಾನು ಹೇಳಿದ್ದನ್ನು ನಿಮ್ಮ ದೇಶದ ಕೋರ್ಟಿನಲ್ಲಿ ಒಂದು ಸಲ ಹೇಳಿ.

ದಿನಾ ಪ್ರಾರ್ಥನೆಯಲ್ಲಿ ನಿಮ್ಮನ್ನೂ ನೆನೆಯುತ್ತಿದ್ದೆ. ಈಗಲೂ ಕೈ ಮುಗಿದರೆ ನಿಮ್ಮ ಮುಖವೇ ಬರುತ್ತದೆ. ನಿಮಗಾಗಿ ಏನು ಬೇಡಬೇಕೋ ತಿಳಿಯುತ್ತಿಲ್ಲ.

ಇಂತಿ,
ತಂಗಿಯ ಮಕ್ಕಳನ್ನು ಸಾಕುತ್ತಿರುವ ದೊಡ್ಡಮ್ಮ